ಮಂದಹಾಸದಲ್ಲಿ ನಿಂತುಹೋದ ಮಹಾದ್ವಾರ

ತುಂಬಾ ಹಿಂದಿನ ಮಾತು. ಎಷ್ಟು ಹಿಂದೆ ಎಂದು ಇಸವಿ ಹೇಳಿದರೆ ಯಾರಾದರೂ ತಮ್ಮನ್ನೇ ಕುರಿತದ್ದೆಂದು ನೋಟಿಸು ಕಳಿಸಿಯಾರು, ಆದ್ದರಿಂದ ತುಂಬಾ ಹಿಂದೆ ಎಂದಷ್ಟೇ ಇಟ್ಟುಕೊಳ್ಳಿ. ಸ್ಥಿರಾವತಿ ಎಂಬ ರಾಜ್ಯವನ್ನು ಶ್ರೀಮನ್ಮಹಾರಾಜಾಧಿರಾಜ ಅಚಲವರ್ಮ ಪ್ರಭುಗಳು ಆಳುತ್ತಿದ್ದರು. ಅವರು ಒಂದು ಸಲ ಕೂತರೆ ಏಳುತ್ತಿರಲಿಲ್ಲ, ಒಂದು ಸಲ ಅಂದುಕೊಂಡರೆ ಬದಲಿಸುತ್ತಿರಲಿಲ್ಲ. ಆಸ್ಥಾನದಲ್ಲಿ ಇದಕ್ಕೆ ದೃಢಸಂಕಲ್ಪ ಎಂದು ಹೆಸರಿತ್ತು.

ಆ ರಾಜ್ಯದಲ್ಲಿ ಹುಟ್ಟಿದ್ದಕ್ಕೆ ಪತ್ರ, ಸತ್ತದ್ದಕ್ಕೆ ಪತ್ರ, ನಡುವೆ ಬದುಕಿರುವುದಕ್ಕೂ ಪತ್ರ ಬೇಕಿತ್ತು. ಎಲ್ಲವೂ ಸಿಗುತ್ತಿದ್ದುದು ಸರ್ವಸೇವಾ ಮಹಾದ್ವಾರ ಎಂಬ ಒಂದೇ ವೆಬ್‌ಸೈಟಿನಲ್ಲಿ. ಹತ್ತೊಂಬತ್ತು ವರ್ಷದ ಹಿಂದೆ ಈಗಿನ ಪ್ರಭುಗಳ ತೀರ್ಥರೂಪರು ತಮ್ಮ ಬಲಗೈ ತೋರುಬೆರಳಿನಿಂದ ಅದನ್ನು ಒತ್ತಿ ಉದ್ಘಾಟಿಸಿದ್ದರು. ಅಂದು ಅವರು ಯಾವ ಬ್ರೌಸರಿನಲ್ಲಿ ಒತ್ತಿದರೋ ಆ ಬ್ರೌಸರೇ ರಾಜಮಾನ್ಯವಾಯಿತು. ಅದಕ್ಕೆ ಪಿತೃದರ್ಶಕ ಎಂದು ನಾಮಕರಣವಾಗಿ, ಬೇರೆ ಬ್ರೌಸರಿನಲ್ಲಿ ಮಹಾದ್ವಾರ ತೆರೆಯುವುದು ಹಿರಿಯರಿಗೆ ಮಾಡುವ ಅವಮಾನವೆಂದು ಫರ್ಮಾನು ಹೊರಟಿತು.

ಆದರೆ ಬ್ರೌಸರಿಗೆ ರಾಜಭಕ್ತಿ ತಿಳಿಯದು. ದಿನಾ ಬೆಳಿಗ್ಗೆ ಅದು "ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ?" ಎಂದು ಕೇಳುತ್ತಿತ್ತು. ಇದಕ್ಕೆ ಉತ್ತರಿಸಲೆಂದೇ ಆಮೇಲೆ-ಅಧಿಕಾರಿ ಎಂಬ ವಂಶಪಾರಂಪರ್ಯ ಹುದ್ದೆಯೊಂದನ್ನು ಸೃಷ್ಟಿಸಲಾಯಿತು. ಆತ ಸ್ನಾನ ಮಾಡಿ, ಜರಿಪೇಟ ಸುತ್ತಿ, ಬೆಳ್ಳಿಕೋಲು ಹಿಡಿದು ಬಂದು "ಆಮೇಲೆ ನೆನಪಿಸು" ಎಂಬ ಬಟನ್ ಒತ್ತುತ್ತಿದ್ದ. ಒಡನೆ ಕಹಳೆ ಮೊಳಗುತ್ತಿತ್ತು. ಅಲ್ಲಿಗೆ ಆ ದಿನದ ಆಡಳಿತ ಸುಧಾರಣೆ ಮುಗಿಯುತ್ತಿತ್ತು.

ರಾಜಧಾನಿಯಿಂದ ನಾಲ್ಕು ದಿನದ ಹಾದಿಯಲ್ಲಿ ಹುಲ್ಲೇನಹಳ್ಳಿ ಎಂಬ ಊರು. ಅಲ್ಲಿಯ ಸೇವಾಕೇಂದ್ರವನ್ನು ನೋಡಿಕೊಳ್ಳುತ್ತಿದ್ದವನು ಗುರುಶಾಂತಪ್ಪ. ಕಂಪ್ಯೂಟರು ರಿಪೇರಿಯಲ್ಲಿ ಕೈ ಪಳಗಿದವನು, ಬಾಯಿ ಮಾತ್ರ ಪಳಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದ. ಅವನ ಬಳಿಗೆ ಒಂದು ಬೆಳಿಗ್ಗೆ ಚಾಪೆ ಹೆಣೆಯುವ ಚನ್ನಾಜಮ್ಮ ಗೋಡೆ ಸವರಿಕೊಂಡು ಬಂದಳು.

"ಅಪ್ಪಾ, ಕಣ್ಣಾಸ್ಪತ್ರೆಗೆ ಒಂದ್ ಚೀಟಿ ತಗ್ದುಕೊಡು. ತಿಂಗ್ಳೊಳಗೆ ಆಪ್ರೇಸನ್ ಆಗ್ನಿಲ್ಲ ಅಂದ್ರೆ ಆಮ್ಯಾಕೆ ಮಾಡಿದ್ರೂ ಬೆಳಕು ಬರಕ್ಕಿಲ್ವಂತೆ. ಡಾಕ್ಟ್ರು ಯೋಳವ್ರೆ. ಚೀಟಿ ತರದೆ ಒಳೀಕೆ ಬುಡಕ್ಕಿಲ್ಲ ಅಂತಾನೂ ಯೋಳವ್ರೆ."

"ಕುತ್ಕಳವ್ವ. ಐದ್ ನಿಮ್ಸದ ಕೆಲ್ಸ" ಎಂದ ಗುರುಶಾಂತಪ್ಪ, ಮಹಾದ್ವಾರ ತೆರೆದ.

ಮೊದಲು ಮೇಲಿನಿಂದ ನಾಲ್ಕು ಸಾವಿರ ಹೂವಿನೆಸಳು ಉದುರತೊಡಗಿದವು. ಆಮೇಲೆ ನಲವತ್ತಮೂರು ಮಂತ್ರಿಗಳು ಎಡಗಡೆಯಿಂದ ಒಬ್ಬೊಬ್ಬರೇ ನಡೆದುಬಂದು, ನಮಸ್ಕರಿಸಿ, ಬಲಗಡೆ ಸಾಲಾಗಿ ನಿಂತರು. ಕೊನೆಗೆ ಪ್ರಭುಗಳ ಮುಖಾರವಿಂದ ಮೂಡಿ, ಅದರಲ್ಲಿ ಮಂದಹಾಸ ಅರಳಬೇಕಿತ್ತು. ಅರ್ಧ ಅರಳಿ ನಿಂತಿತು. ಚೀಟಿಯ ಬಟನ್ ಇದ್ದದ್ದು ಪೂರ್ತಿ ನಕ್ಕ ಮೇಲೆ ಕೆಳಗೆ ಬಲಮೂಲೆಯಲ್ಲಿ. ಬಹಳ ಹೊತ್ತಾದ ಮೇಲೆ ಒಂದು ಸೂಚನೆ ಬಂತು: "ಪುಟ ಸ್ಪಂದಿಸುತ್ತಿಲ್ಲ. ಕಾಯುವುದೇ, ಕೊಲ್ಲುವುದೇ?" ಪರದೆಯ ತುಂಬ ಪ್ರಭುಗಳ ಮುಖವಿರುವಾಗ ಎರಡನೆಯದನ್ನು ಒತ್ತುವ ಧೈರ್ಯ ಸ್ಥಿರಾವತಿಯಲ್ಲಿ ಯಾರಿಗಿತ್ತು? ಗುರುಶಾಂತಪ್ಪ "ಕಾಯುವುದು" ಒತ್ತಿದ. ಚನ್ನಾಜಮ್ಮ ಸಂಜೆವರೆಗೆ ಕಾದಳು.

ಮರುದಿನ ಅವನು ಸರ್ಕಾರಿ ಕೈಪಿಡಿ ಬಿಚ್ಚಿದ. ಯಂತ್ರ ಆರಿಸಿ ಹಚ್ಚಿ ಎಂದಿತ್ತು, ಆರಿಸಿ ಹಚ್ಚಿದ. ಕೀಲಿಮಣೆಯ ಧೂಳು ಊದಿ ಎಂದಿತ್ತು, ಊದಿದ. ಬ್ರೌಸರು ಹೊಟ್ಟೆಯಲ್ಲಿ ಕೂಡಿಟ್ಟುಕೊಂಡ ಹಳೆಯ ಚಿತ್ರಗಳನ್ನು ಅಳಿಸಿ ಎಂದೂ ಇತ್ತು. ಆದರೆ ಕೆಳಗೆ ಸಣ್ಣಕ್ಷರದಲ್ಲಿ, ಆ ಚಿತ್ರಗಳು ಪ್ರಭುಗಳದ್ದಾಗಿದ್ದಲ್ಲಿ ಅಳಿಸುವುದು ರಾಜದ್ರೋಹವೆಂದೂ, ಅನುಮತಿ ಬೇಕಿದ್ದರೆ ಮಹಾದ್ವಾರದ ಮೂಲಕವೇ ಅರ್ಜಿ ಹಾಕತಕ್ಕದ್ದೆಂದೂ ಬರೆದಿತ್ತು. ರೋಸಿಹೋಗಿ ತನ್ನ ಫೋನಿನ ಹೊಸ ಬ್ರೌಸರಿನಲ್ಲಿ ತೆರೆದು ನೋಡಿದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪ್ರಭುಗಳು ನಕ್ಕು ಮುಗಿಸಿದರು, ಬಟನ್ನೂ ಕಂಡಿತು. ಒತ್ತಿದರೆ, "ತಮ್ಮ ಬ್ರೌಸರ್ ರಾಜಮಾನ್ಯವಲ್ಲ" ಎಂದು ಬಾಗಿಲು ಹಾಕಿಕೊಂಡಿತು.

ಎಂಟನೆಯ ದಿನ ಅವನು ಬುತ್ತಿ ಕಟ್ಟಿದ. "ನಾನೇ ಓಗಿ ಯೋಳ್ಬುಟ್ ಬತ್ತೀನಿ ಕನವ್ವ. ನೀನು ದಿನಾ ಬಂದು ಕುಂತಿರು, ಯಾವ ಗಳಿಗೇಲಿ ತೆರ್ಕತದೋ ಏನೋ. ಆ ಬಲಗಡೆ ಮೂಲೇಲಿ ಹಸ್ರು ಬಟನ್ ಬತ್ತದೆ. ಬಂದೇಟ್ಗೆ ಒತ್ಬುಡು."

"ಹಸ್ರು ಇನ್ನೂ ಕಾಣ್ತದೆ ಕನಪ್ಪ. ಬಿರ್ರನೆ ಬಾ" ಎಂದಳು ಚನ್ನಾಜಮ್ಮ.

ಹನ್ನೆರಡನೆಯ ದಿನ ಗುರುಶಾಂತಪ್ಪ ಆಸ್ಥಾನದಲ್ಲಿ ಕೈಮುಗಿದು ನಿಂತಿದ್ದ. "ಬುದ್ಧಿ, ಕಾಯಿಲೆ ಇಷ್ಟೇ. ಬ್ರೌಸರು ಹತ್ತೊಂಬತ್ತು ವರ್ಷದ್ದು, ಪುಟ ಇವತ್ತಿಂದು. ಮುದುಕನ ಹೆಗಲ ಮೇಲೆ ಮದುವೆ ದಿಬ್ಬಣ ಕೂರಿಸಿದಂಗಾಗದೆ. ಒಂದೋ ಮುದುಕನ್ನ ಬದಲಾಯಿಸ್ಬೇಕು, ಇಲ್ಲಾ ದಿಬ್ಬಣ ಇಳಿಸ್ಬೇಕು. ಯಾವ್ದಾದ್ರೂ ಅರ್ಧ ಗಂಟೆ ಕೆಲಸ."

ಆಮೇಲೆ-ಅಧಿಕಾರಿ ಬೆಳ್ಳಿಕೋಲಿನ ಸಮೇತ ಮೂರ್ಛೆ ಹೋದ. ದಿಬ್ಬಣ ಇಳಿಸುವ ವಿಚಾರ ಚರ್ಚೆಗೆ ಬಂತು. ನಲವತ್ತಮೂರು ಮಂತ್ರಿಗಳೂ ರಾಜ್ಯದ ಹಿತಕ್ಕಾಗಿ ತ್ಯಾಗಕ್ಕೆ ಸಿದ್ಧರೆಂದು ಘೋಷಿಸಿ, ತೆಗೆಯಬೇಕಾದ ಚಿತ್ರಗಳ ಪಟ್ಟಿ ಕೊಟ್ಟರು. ಪ್ರತಿ ಪಟ್ಟಿಯಲ್ಲೂ ಉಳಿದ ನಲವತ್ತೆರಡು ಮಂದಿಯ ಹೆಸರುಗಳಿದ್ದವು.

ಆಗ ಮಹಾಮಂತ್ರಿ ಸ್ತುತಿಸೇನರು ಎದ್ದರು. ಪ್ರಭುಗಳು ಸೀನಿದರೂ ಅದರಲ್ಲೊಂದು ರಾಗ ಗುರುತಿಸಬಲ್ಲ ಮಹನೀಯರು ಅವರು. ಕೈಯಲ್ಲೊಂದು ಅಂಕಿಅಂಶದ ಹಾಳೆ.

"ಪ್ರಭು, ನೆರೆರಾಜ್ಯದ ವೆಬ್‌ಸೈಟಿಗೆ ಬಂದ ಪ್ರಜೆ ಎರಡೇ ನಿಮಿಷಕ್ಕೆ ಎದ್ದುಹೋಗುತ್ತಾನಂತೆ. ಕೆಲಸವಾಯಿತು, ಹೊರಟ. ಅದೊಂದು ಸಂಬಂಧವೇ? ನಮ್ಮ ಮಹಾದ್ವಾರದಲ್ಲಿ ಪ್ರಜೆಯೊಬ್ಬ ಸರಾಸರಿ ಆರು ಗಂಟೆ ಹನ್ನೆರಡು ನಿಮಿಷ ಕೂರುತ್ತಾನೆ."

"ಕೂತು ಏನು ನೋಡುತ್ತಾನೆ?" ಪ್ರಭುಗಳು ಮುಂದಕ್ಕೆ ಬಾಗಿದರು.

"ತಮ್ಮ ಮುಖವನ್ನು, ಪ್ರಭು. ಪುಟ ನಿಲ್ಲುವುದೇ ತಮ್ಮ ಮಂದಹಾಸದಲ್ಲಿ."

"ರೆಪ್ಪೆ ಬಡಿಯದೆ ನೋಡುತ್ತಾನೆಯೇ?"

"ಬಡಿದರೂ ತಕ್ಷಣ ತೆರೆಯುತ್ತಾನೆ. ಎಲ್ಲಿ ತಪ್ಪಿಹೋದೀತೋ ಎಂಬ ಆತಂಕ."

ಗುರುಶಾಂತಪ್ಪನಿಗೆ ತಡೆಯಲಾಗಲಿಲ್ಲ. "ನೋಡ್ತಿಲ್ಲ ಬುದ್ಧಿ, ಕಾಯ್ತಾವ್ರೆ! ನಮ್ಮೂರ ಚನ್ನಾಜಮ್ಮ ಅನ್ನೋರ್ಗೆ ಕಣ್ಣು ಹೋಗ್ತಾ ಅದೆ. ಇನ್ನು ಹದಿನೆಂಟೇ ದಿನ ಟೈಮಿರಾದು."

ಪ್ರಭುಗಳು ಉತ್ತರೀಯದಿಂದ ಕಣ್ಣೊತ್ತಿಕೊಂಡರು. "ಕಣ್ಣು ಹೋಗುತ್ತಿದ್ದರೂ ನಮ್ಮನ್ನೇ ನೋಡುತ್ತಿದ್ದಾಳೆಯೇ!"

ಸಭೆಯಲ್ಲಿ ಹನಿಗಣ್ಣಾಗದವರಿಲ್ಲ, ಆಗದವರ ಹೆಸರು ಬರೆದುಕೊಳ್ಳಲು ಒಬ್ಬ ಗುಮಾಸ್ತನಿದ್ದ. ಅಂದೇ ಆಜ್ಞೆ ಹೊರಟಿತು. ಇನ್ನು ಮುಂದೆ ಯಾರೂ ಮಹಾದ್ವಾರ ನಿಧಾನವೆನ್ನಕೂಡದು, ಸುದೀರ್ಘವೆನ್ನತಕ್ಕದ್ದು. ಪುಟ ಸ್ತಬ್ಧವಾಯಿತು ಎನ್ನಕೂಡದು, ದರ್ಶನವಾಯಿತು ಎನ್ನತಕ್ಕದ್ದು. ಎಸಳುಗಳ ಸಂಖ್ಯೆ ನಾಲ್ಕು ಸಾವಿರದಿಂದ ಹತ್ತು ಸಾವಿರಕ್ಕೇರಿತು. ಅತಿ ಹೆಚ್ಚು ಹೊತ್ತು ಕೂತ ಪ್ರಜೆಗೆ ದರ್ಶನಶಿರೋಮಣಿ ಎಂಬ ಪ್ರಶಸ್ತಿ ಪ್ರಕಟವಾಯಿತು. ಗುರುಶಾಂತಪ್ಪನನ್ನು ತಜ್ಞರ ಸಮಿತಿಯ ಸದಸ್ಯನನ್ನಾಗಿ ನೇಮಿಸಿ, ವರದಿ ಕೊಡುವವರೆಗೆ ರಾಜಧಾನಿ ಬಿಡಕೂಡದೆಂದು ಗೌರವಪೂರ್ವಕವಾಗಿ ಕಾವಲಿಟ್ಟರು. ಸಮಿತಿಯ ಮೊದಲ ಸಭೆಯ ತಾರೀಖು ಮಹಾದ್ವಾರದಲ್ಲಿ ಪ್ರಕಟವಾಗುವುದಿತ್ತು.

ಇಲ್ಲಿಯವರೆಗೆ ನಗುತ್ತಾ ಹೇಳಿದೆ. ಇನ್ನು ಮುಂದಿನದನ್ನು ನಗುತ್ತಾ ಹೇಳಲು ನನಗೂ ಕಷ್ಟ, ಸಿಟ್ಟು ಬರುತ್ತದೆ. ಚನ್ನಾಜಮ್ಮ ದಿನಾ ಬೆಳಿಗ್ಗೆ ಕೇಂದ್ರದ ಬೀಗ ತೆಗೆಸಿಕೊಂಡು ಯಂತ್ರದೆದುರು ಕೂರುತ್ತಿದ್ದಳು. ಬೀಗ ತೆಗೆದ ತಳವಾರ ತನ್ನ ಕೆಲಸಕ್ಕೆ ಹೋಗುತ್ತಿದ್ದ. ಮೊದಮೊದಲು ಪ್ರಭುಗಳ ಮೀಸೆಯ ಎಳೆ ಎಣಿಸುವಷ್ಟು ಕಾಣುತ್ತಿತ್ತು. ಇಪ್ಪತ್ತನೆಯ ದಿನದ ಹೊತ್ತಿಗೆ ಮೀಸೆ ಹೋಗಿ ಮುಖವಷ್ಟೇ ಉಳಿಯಿತು. ಆಮೇಲೆ ಮುಖವೂ ಹೋಗಿ ಒಂದು ಬಿಳಿಯ ಮಬ್ಬು ಮಾತ್ರ. ಆದರೂ ಅವಳು ಬಲಮೂಲೆಯ ಕಡೆಗೆ ಬೆರಳು ಚಾಚಿಕೊಂಡೇ ಕೂತಿರುತ್ತಿದ್ದಳು. ಹಸಿರು ಎಂದು ಅನ್ನಿಸಿದಾಗಲೆಲ್ಲ ಒತ್ತುತ್ತಿದ್ದಳು. ಅಲ್ಲಿ ಏನೂ ಇರುತ್ತಿರಲಿಲ್ಲ.

ಮೂವತ್ತೊಂದನೆಯ ದಿನ ರಾಜದೂತರು ಬಂದರು. ಚೀಟಿ ತಂದರೆಂದು ಅವಳು ಎದ್ದುನಿಂತಳು. ಅವರು ತಂದದ್ದು ಪ್ರಶಸ್ತಿಯ ಸುದ್ದಿ.

ತುಂಬಿದ ಆಸ್ಥಾನದಲ್ಲಿ ಶಾಲು ಹೊದಿಸಿ ಅವಳನ್ನು ಕೂರಿಸಿದರು. ತಜ್ಞರ ಆಸನದಲ್ಲಿ ಗುರುಶಾಂತಪ್ಪನೂ ಇದ್ದ, ತಲೆ ಎತ್ತಲಿಲ್ಲ. ಸ್ತುತಿಸೇನರು ಬಿನ್ನವತ್ತಳೆ ಓದಿದರು.

"ಈ ಮಹಾತಾಯಿ ಮೂವತ್ತೊಂದು ದಿನ ಪ್ರಭುಗಳನ್ನೇ ನೋಡುತ್ತ ಕುಳಿತಳು. ಇವಳ ಭಕ್ತಿಗೆ ಯಂತ್ರದ ದಾಖಲೆಯೇ ಸಾಕ್ಷಿ. ಇಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನ ಪುಟವು ಪೂರ್ಣವಾಗಿ ತೆರೆದು, ಚಿಕಿತ್ಸೆ ಚೀಟಿಯ ಬಟನ್ ಹನ್ನೊಂದು ಸೆಕೆಂಡುಗಳ ಕಾಲ ಇವಳೆದುರು ಬಂದು ನಿಂತಿತು. ಈಕೆ ಅದರತ್ತ ತಿರುಗಿಯೂ ನೋಡಲಿಲ್ಲ!"

ಚಪ್ಪಾಳೆ ಮುಗಿಲು ಮುಟ್ಟಿತು. ಚನ್ನಾಜಮ್ಮ ದನಿ ಬಂದ ಕಡೆಗೆ ಕತ್ತು ತಿರುಗಿಸಿದಳು.

"ಬಂದಿತ್ತಾ ಬುದ್ದಿ?" ಎಂದಳು. "ದಿಟವಾಗ್ಲೂ ಬಂದಿತ್ತಾ?"

ಎಂಥ ವಿನಯ ಎಂದರು ಸಭಿಕರು. ಗುರುಶಾಂತಪ್ಪ ಆಸನ ಬಿಟ್ಟು ಬಂದು ಅವಳ ತೋಳು ಹಿಡಿದುಕೊಂಡ. "ನಾನಿದ್ದಿದ್ರೆ ಒತ್ತಿರ್ತಿದ್ನಲ್ಲವ್ವ" ಎಂದ. ಅವಳು ಶಾಲಿನ ಅಂಚನ್ನು ಬೆರಳಿನಿಂದ ತಡವುತ್ತ ನೇಯ್ಗೆ ಎಂಥದ್ದೆಂದು ನೋಡುತ್ತಿದ್ದಳು.

ವರ್ಷದ ಕೊನೆಗೆ ಆರೋಗ್ಯ ಖಾತೆ ಲೆಕ್ಕ ಒಪ್ಪಿಸಿತು. ಕಣ್ಣಿನ ಚಿಕಿತ್ಸೆಗೆ ಮಹಾದ್ವಾರದಿಂದ ಹೊರಟ ಚೀಟಿಗಳು ಸೊನ್ನೆ. ಆದಕಾರಣ ರಾಜ್ಯದಲ್ಲಿ ಕಣ್ಣಿನ ರೋಗ ಸಮೂಲ ನಿವಾರಣೆಯಾಗಿದೆಯೆಂದು ತೀರ್ಮಾನಿಸಿ, ಆಸ್ಪತ್ರೆ ಮುಚ್ಚಿ, ಅಚಲವರ್ಮ ಪ್ರಭುಗಳಿಗೆ ಪ್ರಜಾನೇತ್ರ ಎಂಬ ಬಿರುದು ಕೊಟ್ಟು ವಜ್ರದ ಕಿರೀಟ ತೊಡಿಸಲಾಯಿತು. ಸಮಾರಂಭಕ್ಕೆ ಪ್ರಜೆಗಳ ಹಾಜರಿ ಕಡ್ಡಾಯವಾಗಿತ್ತು. ಊರೂರಿನಿಂದ ಜನ ಬಂದರು, ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟುಕೊಂಡು, ದಾರಿ ತಡವುತ್ತ, ಸಾಲಾಗಿ.