ಅವ್ವನನ್ನು ಹಗ್ಗ ಕಟ್ಟಿ ಎಳೆದ ಭಾವ

ನಮ್ಮ ಭಾವ ನಮ್ಮ ಅವ್ವನ ಸೊಂಟಕ್ಕೆ ಹಗ್ಗ ಬಿಗಿದು, ನಾಲ್ಕು ಜನ ಗಂಡಸರನ್ನು ಕೂಡಿಸಿಕೊಂಡು, ನಾಗಪುರದ ಹತ್ತಿರದ ಕಾಮಠಿಯ ರಸ್ತೆಯಲ್ಲಿ ಹಾಡುಹಗಲೇ ಎಳೆದುಕೊಂಡು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಿಡಿಸಲು ಹೋಗಲಿಲ್ಲವೇ ಎಂದು ಕೇಳಬೇಡಿ. ನೀರಿನ ಕೊಡ ಹೊತ್ತುಕೊಂಡು ನಾನೂ ಹಿಂದೆ ಹಿಂದೆ ನಡೆಯುತ್ತಿದ್ದೆ. ಕಾಲು ಸೋತಾಗ ಅವ್ವನ ಮೇಲೆಯೇ ಕುಳಿತು ದಣಿವಾರಿಸಿಕೊಂಡೆ.

ಗಾಬರಿಯಾಗಬೇಡಿ. ನಿಜವಾದ ಅವ್ವ ಆ ಹೊತ್ತಿನಲ್ಲಿ ಧಾರವಾಡದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಎಳೆಸಿಕೊಂಡದ್ದು ಒಂದು ತೇಗದ ದಿಮ್ಮಿ. ಅದಕ್ಕೆ ಅವ್ವನ ಹೆಸರು ಹೇಗೆ ಬಂತೆಂದು ಹೇಳಬೇಕಾದರೆ ಮೊದಲು ಅಕ್ಕನ ಸಿಟ್ಟಿನಿಂದ ಶುರು ಮಾಡಬೇಕು.

ಭಾವ ಎಂದರೆ ನನ್ನ ಅಕ್ಕನ ಗಂಡ. ರೈಲ್ವೆಯಲ್ಲಿ ಹಳಿ ಎತ್ತಿ ಕೂಡಿಸುವ ಗ್ಯಾಂಗಿನ ಮುಕಾದಮ, ಎಂದರೆ ಮೇಸ್ತ್ರಿ. ಮೂವತ್ತು ವರ್ಷದ ನೌಕರಿಯಲ್ಲಿ ಅವನಿಗೆ ಏಳು ಊರಿಗೆ ವರ್ಗವಾಗಿತ್ತು. ಏಳು ಸಲವೂ ಅಕ್ಕ ಒಲೆ ಹೂಡಿದಳು, ತುಳಸಿ ನೆಟ್ಟಳು. ತುಳಸಿ ಚಿಗುರುವ ಹೊತ್ತಿಗೆ ಗಂಟು ಕಟ್ಟಿದಳು. ಕೊನೆಗೆ ಕಾಮಠಿಯಲ್ಲಿ ಭಾವನಿಗೆ ನಿವೃತ್ತಿಯಾಯಿತು. ಮಳೆ ಹಿಡಿಯುವುದರೊಳಗೆ ಕ್ವಾರ್ಟರ್ಸ್ ಖಾಲಿ ಮಾಡಿ ಎಂದು ಕಾಗದ ಬಂತು. ಅಕ್ಕ ಆ ಕಾಗದವನ್ನು ಮಡಚಿ ಅಲುಗಾಡುವ ಮಂಚದ ಕಾಲಿನ ಕೆಳಗೆ ಇಟ್ಟಳು.

“ಇದು ಎಂಟನೇ ಗಂಟು,” ಎಂದಳು. “ಇದನ್ನ ನಾ ಕಟ್ಟಿಕೊಂಡು ಧಾರವಾಡಕ್ಕ ನನ್ನ ತಮ್ಮನ ಮನಿಗೆ ಹೊಂಟೇನಿ. ಬಾಡಿಗಿ ಮನಿಗೆ ಕರೀಬ್ಯಾಡ್ರಿ, ಬರಂಗಿಲ್ಲ. ಮತ್ತ ಕಟ್ಟೂದು ಬ್ಯಾಡಂಥಾ ಜಾಗಾ ಇದ್ರ ಪತ್ರ ಹಾಕ್ರಿ. ಇಲ್ಲಂದ್ರ ನೀವ್ ಇಲ್ಲಿ, ನಾ ಅಲ್ಲಿ.”

ಅಂದವಳು ಹೊರಟೇ ಹೋದಳು. ನನ್ನ ಅಕ್ಕ ಆಡಿದ ಮಾತು ತಿರುಗಿಸಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಮಳೆಗೆ ಮೂರು ತಿಂಗಳಿತ್ತು. ಅಷ್ಟರೊಳಗೆ ಮನೆ ಎದ್ದರೆ ಹೆಂಡತಿ, ಇಲ್ಲದಿದ್ದರೆ ಇಲ್ಲ. ಲೆಕ್ಕ ಇಷ್ಟು ಸರಳವಾಗಿತ್ತು. ಇಂಥ ಹೊತ್ತಿನಲ್ಲಿ ಬುದ್ಧಿಯಿದ್ದ ಯಾರಾದರೂ ಏನು ಮಾಡುತ್ತಾರೆ? ಇಟ್ಟಿಗೆ ತರಿಸುತ್ತಾರೆ. ನಮ್ಮ ಭಾವ ಮರದ ದಿಮ್ಮಿ ತರಿಸಿದ.

ಚಾಂದಾ ಕಡೆಯ ಕಾಡಿನ ಸ್ಟೇಷನ್ನಿನಲ್ಲಿದ್ದಾಗ ಅವನು ಒಂದು ಹಳೆಯ ದಿಮ್ಮಿಮನೆ ನೋಡಿದ್ದನಂತೆ. ಇಡೀ ಇಡೀ ಮರವನ್ನು ಒಂದರ ಮೇಲೊಂದು ಅಡ್ಡ ಮಲಗಿಸಿ, ಮೂಲೆಯಲ್ಲಿ ಕಚ್ಚು ಕೊರೆದು ಕೂಡಿಸಿದ ಗೋಡೆ. ಒಂದು ಮೊಳೆಯಿಲ್ಲ. ಅಂಥದ್ದೇ ಬೇಕು. ಯಾಕೆ? ಅದು ಮಾತ್ರ ನಮಗೆ ಯಾರಿಗೂ ತಿಳಿಯಲಿಲ್ಲ.

“ಇಟ್ಟಂಗಿ ಬಿದ್ರ ಒಡೀತೈತಿ,” ಎಂದ ಭಾವ, ನನ್ನ ಯಜಮಾನರಿಗೆ. “ದಿಮ್ಮಿ ಬಿದ್ರ ಬಿದ್ದಿರ್ತೈತಿ. ಬರೋಬರ್ ಹೌದಲ್ಲೋ?”

ಯಜಮಾನರು ಅದೇ ಊರಿನ ರೈಲ್ವೆ ಆಫೀಸಿನ ಗುಮಾಸ್ತರು. ಬರೋಬರ್ ಎಂದರು. ಮನೆಗೆ ಬಂದಮೇಲೆ, “ಮನಿ ಬಿದ್ದಮ್ಯಾಲ ದಿಮ್ಮಿ ಗಟ್ಟಿ ಇದ್ರೇನು, ಒಡದ್ರೇನು?” ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು? ಅದು ಭಾಷಾವಾರು ರಾಜ್ಯಗಳ ಗಲಾಟೆಯಲ್ಲಿ ನಾಗಪುರವೇ ಇದ್ದಲ್ಲಿಂದ ಬೇರೆ ರಾಜ್ಯಕ್ಕೆ ವರ್ಗವಾಗುತ್ತದಂತೆ ಎಂದು ಜನ ಮಾತಾಡುತ್ತಿದ್ದ ಕಾಲ. ಏನು ಕೇಳಿದರೂ ಯಾರಿಗೂ ಏನೂ ಗೊತ್ತಿರಲಿಲ್ಲ.

ಕಟ್ಟಿಗೆಯ ಅಡ್ಡೆಯಿಂದ ಭಾವ ಮನೆಗೆಂದು ಕೊಂಡಿದ್ದ ಜಾಗಕ್ಕೆ ಅರ್ಧ ಮೈಲಿ. ಎತ್ತಿನ ಗಾಡಿಯವನು ತಾನಾಗಿಯೇ ಕೇಳಿಕೊಂಡು ಬಂದ. ಭಾವ ಅವನನ್ನು ವಾಪಸು ಕಳಿಸಿದ. “ಮೂವತ್ತು ವರ್ಷ ಸರ್ಕಾರದ ಹಳಿ ಕೈಯಾಗ ಎತ್ತೇನಿ. ನನ್ನ ಮನಿ ಎತ್ತಿನ ಕೈಯಾಗ ಎತ್ತಸಲ್ಯಾ?” ಎಂದ. ಎತ್ತಿಗೆ ಕೈಯಿಲ್ಲವೆಂದು ಹೇಳೋಣವೆಂದುಕೊಂಡೆ. ಬಿಸಿಲು ಬಹಳವಿತ್ತು, ಬಿಟ್ಟೆ.

ಹಳೆಯ ಗ್ಯಾಂಗಿನ ನಾಲ್ಕು ಜನ ಮುಪ್ಪಿನವರು ಕೂಡಿದರು. ನಾಲ್ವರೂ ಮರಾಠಿಯವರು. ದಿಮ್ಮಿಯ ಕೆಳಗೆ ಉರುಟು ಕೋಲುಗಳನ್ನು ಹಾಸುವುದು, ಮುಂದಿನಿಂದ ಹಗ್ಗ ಜಗ್ಗುವುದು, ಹಿಂದಿನಿಂದ ಹಾರೆ ಮೀಟುವುದು, ಹಿಂದೆ ಬಿದ್ದ ಕೋಲನ್ನು ಮತ್ತೆ ಮುಂದೆ ಹಾಸುವುದು. ಇದಕ್ಕೆ ತೋಳಿನಷ್ಟೇ ಬಾಯಿಯೂ ಬೇಕು. ಗ್ಯಾಂಗಿನ ಪದ್ಧತಿಯೇ ಅದು: ಮುಕಾದಮ ಯಾರನ್ನಾದರೂ ಬೈದು ಒಂದು ಮಾತು ಕೂಗಬೇಕು, ಉಳಿದವರು ‘ಹಯ್ಯಾ’ ಎಂದು ಜಗ್ಗಬೇಕು. ಬೈಗುಳವಿಲ್ಲದೆ ಹಳಿ ಅಲುಗುವುದಿಲ್ಲವಂತೆ. ಭಾವ ನೌಕರಿಯಲ್ಲಿದ್ದಾಗ ಸಾಹೇಬರನ್ನು ಬೈಯುತ್ತಿದ್ದ. ಈಗ ಸಾಹೇಬರಿಲ್ಲ. ಬೈಯಲು ಹೆಂಡತಿಯ ತವರುಮನೆಯ ಹೊರತು ಇನ್ನೇನು ಉಳಿದಿತ್ತು?

“ಅತ್ತಿ ನೋಡ್ರಿ ಆನಿಗಾತ್ರ!”
“ಹಯ್ಯಾ!”
“ಉಂಡು ಕುಂತ್ರ ಏಳಂಗಿಲ್ಲ!”
“ಹಯ್ಯಾ!”

ಯಾರನ್ನು ಬೈದು ಎಳೆದರೋ ಆ ದಿಮ್ಮಿಗೆ ಅವರ ಹೆಸರೇ ನಿಂತಿತು. ಎಲ್ಲಕ್ಕಿಂತ ದಪ್ಪನೆಯದು ಅವ್ವ. ಗಂಟು ಗಂಟಾಗಿದ್ದದ್ದು ಅಪ್ಪ. ಒಳಗೆ ಪೊಳ್ಳಾಗಿದ್ದದ್ದು ನಮ್ಮ ತಮ್ಮ. ಸೊಟ್ಟಗಿದ್ದ ಒಂದು ದಿಮ್ಮಿಗೆ ನನ್ನ ಹೆಸರಿತ್ತು. ಅದರ ವಿಷಯ ಇಲ್ಲಿ ಬೇಡ.

ಜಾಗದ ಪಕ್ಕದ ಮನೆಯ ಮರಾಠಿ ಹೆಣ್ಣುಮಗಳು ಒಂದು ದಿನ ನನ್ನನ್ನು ತಡೆದು, ಅವರು ಏನು ಹೇಳುತ್ತಾರೆಂದು ಕೇಳಿದಳು. ನನ್ನ ಹೆತ್ತ ತಾಯಿಯನ್ನು ಆನೆಯೆನ್ನುತ್ತಿದ್ದಾರೆಂದು ಯಾವ ಬಾಯಿಂದ ಹೇಳಲಿ? “ಭಜನ್ ಆಹೇ,” ಭಜನೆ ಎಂದುಬಿಟ್ಟೆ. ಮರುದಿನದಿಂದ ಆ ಪುಣ್ಯಾತ್ಗಿತ್ತಿ ದಿಮ್ಮಿ ಬಂದಾಗಲೆಲ್ಲ ತಲೆಗೆ ಸೆರಗು ಹೊದ್ದು ಬಾಗಿಲಲ್ಲಿ ಕೈಮುಗಿದು ನಿಲ್ಲತೊಡಗಿದಳು. ಅವ್ವ ಬಂದ ದಿನವಂತೂ ಊದಿನಕಡ್ಡಿ ಹಚ್ಚಿದಳು.

ದಿಮ್ಮಿಗಳೆಲ್ಲ ಜಾಗದಲ್ಲಿ ಒಟ್ಟಿದ ಮೇಲೆ ಇನ್ನೊಂದು ಪೀಕಲಾಟ. ಒಬ್ಬ ಅಪರಿಚಿತ ಬಂದು, ಒಂದು ಹೆಣಕ್ಕೆ ಎಷ್ಟು ಕಟ್ಟಿಗೆ ಬೇಕಾದೀತೆಂದು ಮೆಲ್ಲಗೆ ಕೇಳಿದ. ಸುಡುಗಾಡಿನ ಕಟ್ಟಿಗೆ ಅಂಗಡಿಯೆಂದು ತಿಳಿದಿದ್ದ, ಪಾಪ. ಭಾವ ಸಿಟ್ಟಾಗಲಿಲ್ಲ. “ಇದರಾಗ ಹೋಗಾಕಿ ಇನ್ನೂ ಜೀವಂತ ಅದಾಳ. ಧಾರವಾಡದಾಗ,” ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದ. ಆ ಮನುಷ್ಯ ಹಿಂದೆ ತಿರುಗಿ ನೋಡದೆ ಹೋದ.

ಆಮೇಲೆ ಅಳತೆ. ಮನೆಯ ಯಜಮಾನಿಯ ಮೊಳದಿಂದಲೇ ಮನೆ ಅಳೆಯಬೇಕೆಂದು ಭಾವನ ಹಟ. ಯಜಮಾನಿ ಇದ್ದರಲ್ಲವೇ?

“ತಂಗಿ, ಕೈ ಚಾಚು,” ಎಂದ.

“ನಾ ಅಕ್ಕನಕಿಂತ ಎತ್ತರ ಇದ್ದೀನ್ರಿ ಭಾವಾ.”

“ಇಬ್ರೂ ಒಂದs ಹೊಟ್ಟ್ಯಾಗ ಹುಟ್ಟೀರಿ. ಕೈ ಬ್ಯಾರೆ ಆಗ್ತಾವೇನು?”

ಆಗುತ್ತವೆ. ಆದರೆ ಕೇಳುವವರಾರು? ಬೆಳಗಿನಿಂದ ದಿಮ್ಮಿಯ ಮೇಲೆ ಮೊಣಕೈ ಊರಿ ಊರಿ ನನ್ನ ಚರ್ಮ ಸುಲಿಯಿತು. ಮಧ್ಯಾಹ್ನ ಅಡುಗೆಗೆಂದು ಮನೆಗೆ ಹೋದೆ. ಬಂದು ನೋಡುತ್ತೇನೆ, ನನ್ನ ಯಜಮಾನರನ್ನು ಮಂಡಿಯೂರಿಸಿ ಅವರ ಮೊಳದಿಂದ ಹಿಂದಿನ ಗೋಡೆ ಅಳೆದು ಮುಗಿಸಿದ್ದ! “ಗಂಡಾ ಹೆಂಡ್ತಿ ಒಂದs ಅಲ್ಲೇನು?” ಎಂದ. ಹೀಗಾಗಿ ಮುಂದಿನ ಗೋಡೆ ನನ್ನ ಮೊಳದ್ದು, ಹಿಂದಿನದು ಯಜಮಾನರದ್ದು. ಕೂಡಿಸಿದಾಗ ಹಿಂದಿನ ದಿಮ್ಮಿಗಳು ಮೂಲೆಯಾಚೆ ಗೇಣುದ್ದ ಹೊರಗೆ ಚಾಚಿಕೊಂಡವು. ಭಾವ ಹತ್ತು ನಿಮಿಷ ಅವನ್ನೇ ನೋಡಿ, ಒಂದಕ್ಕೆ ತನ್ನ ಕೊಡೆ ತೂಗುಹಾಕಿ, “ಬೇಕಾಗಿತ್ತು,” ಎಂದ.

ಕೊನೆಗೆ ಉಳಿದದ್ದು ಅವ್ವ. ಅವಳು ಬಾಗಿಲ ಮೇಲೆ ಕೂಡಬೇಕು. ಅಕ್ಕನಿಗೆ ಅಷ್ಟರೊಳಗೆ ಪತ್ರ ಹೋಗಿತ್ತು, ಬರುವ ದಿನವೂ ಗೊತ್ತಾಗಿತ್ತು. ಪಡುವಣದಲ್ಲಿ ಮೋಡ ಕಪ್ಪಾಗಿ ಬರುತ್ತಿತ್ತು. ಗೋಡೆಗೆ ಎರಡು ಗಟ್ಟಿ ಗಳಗಳನ್ನು ಓರೆಯಾಗಿ ಒರಗಿಸಿ, ಅವುಗಳ ಮೇಲೆ ದಿಮ್ಮಿ ಉರುಳಿಸುತ್ತ ಮೇಲೆ ಏರಿಸತೊಡಗಿದರು. ಅರ್ಧಕ್ಕೆ ಬಂದು ನಿಂತಿತು. ಭಾವ ಕೂಗಲು ಬಾಯಿ ತೆರೆದ. ಮೂರು ತಿಂಗಳು ಕೂಗಿ ಕೂಗಿ ಗಂಟಲು ಒಡೆದಿತ್ತು, ದನಿಯೇ ಹೊರಡಲಿಲ್ಲ. ದನಿಯಿಲ್ಲದೆ ಮುದುಕರ ಕೈಗಳು ಒಂದೊಂದು ಹೊತ್ತಿಗೆ ಜಗ್ಗುತ್ತಿದ್ದವು. ದಿಮ್ಮಿ ಒಂದು ಗೇಣು ಹಿಂದೆ ಸರಿಯಿತು. ಭಾವ ಅದರ ಕೆಳಗೆ ಹೆಗಲು ಕೊಟ್ಟಿದ್ದ. ಅವನ ಮುಖ ನೋಡಿದೆ. ಅದು ಮನೆ ಕಟ್ಟುವವನ ಮುಖವಾಗಿರಲಿಲ್ಲ, ರೈಲು ತಪ್ಪಿಸಿಕೊಂಡವನ ಮುಖವಾಗಿತ್ತು.

ನನಗೆ ಏನಾಯಿತೋ ಗೊತ್ತಿಲ್ಲ. ಸೆರಗು ಸಿಕ್ಕಿಸಿ ಕೂಗಿದೆ:

“ಹೆಂಡ್ತಿ ಬಿಟ್ಟ ಮುಕಾದಮ!”

ನಾಲ್ವರೂ ಒಮ್ಮೆ ನನ್ನನ್ನು ನೋಡಿದರು. “ಹಯ್ಯಾ!”

“ಮೊಳಾ ತಿಳೀದ ಶಾಣ್ಯಾ!”

“ಹಯ್ಯಾ!”

ಭಾವನಿಗೆ ಇನ್ನೂ ಎಷ್ಟು ಅಂದೆನೋ ಬರೆಯಲಾಗದು. ಮೂರು ತಿಂಗಳ ಬಿಸಿಲು ನನ್ನ ಹೊಟ್ಟೆಯಲ್ಲಿತ್ತು. ಅವ್ವ ಹೋಗಿ ಬಾಗಿಲ ಮೇಲೆ ಕುಳಿತಳು. ಪಕ್ಕದ ಮನೆಯ ಹೆಣ್ಣುಮಗಳು ನನ್ನ ಕಾಲಿಗೂ ನಮಸ್ಕಾರ ಮಾಡಿದಳು.

ಹಂಚು ಹೊದಿಸಿ ಮೂರನೇ ದಿನಕ್ಕೆ ಅಕ್ಕ ಟಾಂಗಾದಿಂದ ಇಳಿದಳು. ತಲೆಯ ಮೇಲೆ ಎಂಟನೇ ಗಂಟು. ಅದನ್ನು ಇಳಿಸದೆಯೇ ಮನೆಯನ್ನು ಒಂದು ಸುತ್ತು ಬಂದಳು. ಅಗುಳಿಗೆ ಕೈ ಹಾಕಿದಳು, ನಿಲುಕಲಿಲ್ಲ.

“ಇದು ಯಾರ ಅಳತಿ?”

“ನಿನ್ನ ತಂಗೀದು,” ಎಂದ ಭಾವ, ಇನ್ನೂ ಒಡಕು ದನಿಯಲ್ಲಿ.

“ಅದಕ್ಕs.”

ಒಳ್ಳೆಯದೋ ಕೆಟ್ಟದ್ದೋ ಆ ಮಾತಿನಿಂದ ತಿಳಿಯಲಿಲ್ಲ. ಭಾವ ಗಡಿಬಿಡಿಯಿಂದ ಗೋಡೆಯನ್ನು ಮುಟ್ಟಿ ಮುಟ್ಟಿ ಪರಿಚಯ ಮಾಡಿಸಿದ: ಇವರು ನಿಮ್ಮಪ್ಪ, ಇವ ನಿನ್ನ ತಮ್ಮ, ಮ್ಯಾಲ ನಿಮ್ಮವ್ವ. ಅಕ್ಕ ಒಂದೊಂದನ್ನೂ ನೋಡುತ್ತ ಹೋದಳು.

“ಎಲ್ಲಾರೂ ಬಂದಾರ,” ಎಂದಳು. “ನಾ ಎಲ್ಲಿ?”

ನಾನೂ ಆಗಲೇ ಯೋಚಿಸಿದ್ದು. ಇಷ್ಟು ದಿಮ್ಮಿಗಳಲ್ಲಿ ಒಂದನ್ನೂ ಅವನು ಅಕ್ಕನ ಹೆಸರು ಕೂಗಿ ಎಳೆದಿರಲಿಲ್ಲ. ಮರೆತನೋ, ಹೆದರಿದನೋ ನನಗೆ ತಿಳಿಯಲಿಲ್ಲ. ಭಾವ ಅಂಗೈಯ ಬೊಕ್ಕೆ ಕೆರೆದುಕೊಳ್ಳುತ್ತ ನಿಂತ.

“ನಿನ್ನ ಏಳೂರು ಎಳದೇನಿ,” ಎಂದ. “ಇನ್ನ ಸಾಕು ಅಂತ ಬಿಟ್ಟೆ.”

ಅಕ್ಕ ಹೊಸ್ತಿಲಲ್ಲಿ ಕುಳಿತು, ತಲೆಯ ಮೇಲಿನ ಗಂಟನ್ನು ಇಳಿಸಿ ಬಿಚ್ಚತೊಡಗಿದಳು. ಬಹಳ ಬಿಗಿಯಾಗಿ ಕಟ್ಟಿದ್ದಳು. ಭಾವ ಎದುರಿಗೆ ಕುಳಿತು ಇನ್ನೊಂದು ತುದಿ ಹಿಡಿದ.