ಬಸ್ಸಿನ ಬೆನ್ನ ಮೇಲಿನ ಮೀನು

“ಇವತ್ತು ಹತ್ತು ಗಂಟೆಯವರೆಗೆ ಮೀನು ನಾನೇ. ಯಾರಿಗೂ ಗೊತ್ತಾಗದಿದ್ದರೆ ಸಾಕು” ಎಂದು ಡೈರಿಯಲ್ಲಿ ಬರೆದು ಮೋಕ್ಷಿತಾ ಬಸ್ರೂರಿನಲ್ಲಿ ಬಸ್ಸು ಹತ್ತಿದಳು.

ಅವಳು ಕುಂದಾಪುರದ ಸಣ್ಣ ಕಂಪ್ಯೂಟರ್ ಕಚೇರಿಯೊಂದಕ್ಕೆ ಸೇರಿ ಆರು ತಿಂಗಳು. ಬಸ್ಸಿನವರದ್ದೊಂದು ಆ್ಯಪ್, ಗ್ಯಾಸ್ ಸಿಲಿಂಡರಿನವರದ್ದು ಇನ್ನೊಂದು, ಮೀನಿನವರದ್ದು ಮತ್ತೊಂದು. ಮೂರನ್ನೂ ಒಂದೇ ನಕ್ಷೆಗೆ ತಂದು, ಯಾವುದು ಎಲ್ಲಿ ಬರುತ್ತಿದೆ ಎಂದು ಮೊಬೈಲಿನಲ್ಲೇ ಕಾಣುವ ಹಾಗೆ ಮಾಡಿದವಳು ಅವಳೇ. ಫೋನ್ ಮಾಡಿ ವಿಚಾರಿಸುವ ಕಷ್ಟ ಯಾರಿಗೂ ಬೇಡ ಎಂಬುದು ಅವಳ ಆಸೆ. ಅವಳಿಗಂತೂ “ಹಲೋ” ಅನ್ನುವುದೇ ಗುಡ್ಡ ಹತ್ತಿದ ಹಾಗೆ. ನಕ್ಷೆ ಇವತ್ತು ಸರಿಯಾಗಿ ಓಡಿದರೆ ಕೆಲಸ ಕಾಯಂ. ಗೋಡೆಗೆ ಮುಖ ಮಾಡಿದ ಮೂಲೆಯ ಕುರ್ಚಿ ಅವಳದ್ದು.

ತೊಡಕಾದದ್ದು ಗಂಗೊಳ್ಳಿಯಿಂದ ಸ್ಕೂಟರಿನಲ್ಲಿ ಮೀನು ತರುವ ಶೀನನಿಂದ. ತಾನು ಎಲ್ಲಿದ್ದೇನೆಂದು ಊರಿಗೆಲ್ಲ ಗೊತ್ತಾದರೆ, ನಿನ್ನೆ ಮೀನು ಕೊಂಡವರು ಇವತ್ತು ಜಗಳಕ್ಕೆ ಹುಡುಕಿಕೊಂಡು ಬರುತ್ತಾರೆಂದು ಅವನು ಆ್ಯಪ್ ಹಾಕಿಕೊಳ್ಳಲೇ ಒಪ್ಪಲಿಲ್ಲ. ಎದುರು ಮಾತಾಡಲಾರದೆ ಮೋಕ್ಷಿತಾ ನಕ್ಷೆಯಲ್ಲಿ ಅವನ ಹೆಸರಿನ ಮೀನಿನ ಚಿತ್ರಕ್ಕೆ ತನ್ನದೇ ಫೋನನ್ನು ಸೇರಿಸಿಬಿಟ್ಟಿದ್ದಳು. ಯಜಮಾನ ಶೈಲೇಶ್ ಬೆಳಿಗ್ಗೆಯೇ ನಕ್ಷೆಯನ್ನು ಊರಿಗೆ ಬಿಟ್ಟು, ಈಗ ಬಸ್ಸಿನ ಮಾಲಕ ಯೋಗೀಶರನ್ನು ಕಚೇರಿಯ ಟೀವಿ ಮುಂದೆ ಕೂರಿಸಿ ತೋರಿಸುತ್ತಿದ್ದರು; ಹತ್ತು ಗಂಟೆಗೆ ಅದು ಮುಗಿಯಬೇಕಿತ್ತು. ಫೋನ್ ಆರಿಸಿದರೆ ಟೀವಿಯಲ್ಲಿ ಮೀನು ಮಾಯ. ಅದರ ಹಿಂದೆ ಕುರ್ಚಿಯೂ ಮಾಯ.

ಕೋಣಿಯ ಸ್ಟಾಪಿನಲ್ಲಿ ಏಳೆಂಟು ಹೆಂಗಸರು ಪಾತ್ರೆ ಹಿಡಿದು ನಿಂತಿದ್ದರು. ಮುಂದಿದ್ದ ಸರಸಕ್ಕ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟು, “ಹ್ವಾಯ್, ಶೀನನ್ನ್ ಕೆಳ್ಗ್ ಇಳ್ಸಿ” ಅಂದಳು.

“ಅಕ್ಕಾ, ಇದ್ ಬಸ್ಸ್. ಮೀನ್ ಮಾರ್ಕೆಟ್ ಅಲ್ಲ,” ಅಂದ ಕಂಡಕ್ಟರ್ ಅಜಿತ್.

“ಹಂಗಾರೆ ಮೀನ್ ನಿನ್ ಬಸ್ಸಿನ್ ಬೆನ್ನ್ ಮೇಲ್ ಎಂತಕ್ಕ್ ಕೂಕಂಡಿತ್ತ್?” ಮೊಬೈಲನ್ನು ಅವನ ಮೂಗಿಗೇ ಹಿಡಿದಳು.

ಮದುವೆ ಮನೆಯಲ್ಲಿ ಉಂಗುರ ಕಳೆದುಕೊಂಡವಳ ಹಾಗೆ ಸರಸಕ್ಕ ಸೀಟುಗಳ ಕೆಳಗೆಲ್ಲ ಬಗ್ಗಿ ನೋಡಿದಳು. ಮಾಸ್ತರೊಬ್ಬರ ಊಟದ ಡಬ್ಬಿಯನ್ನು ಮೂಸಿದಳು. ಶೀನನನ್ನು ಕಂಡೆಯಾ ಎಂದು ಮೋಕ್ಷಿತಾಳನ್ನೂ ಕೇಳಿದಳು. ಮೋಕ್ಷಿತಾ ಹೌದೆಂದೂ ಇಲ್ಲವೆಂದೂ ಆಗುವ ಹಾಗೆ ತಲೆಯಾಡಿಸಿ, ಫೋನನ್ನು ಚೀಲದ ತಳಕ್ಕೆ ಒತ್ತಿದಳು. ಮುಂದಿನ ಪ್ರತಿ ಸ್ಟಾಪಿನಲ್ಲೂ ಇದೇ ತಪಾಸಣೆ. ಇಪ್ಪತ್ತು ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯಿತು.

ಅವಳು ಕಚೇರಿ ಸೇರಿ ಮೂಲೆಯಲ್ಲಿ ಕೂರುವ ಹೊತ್ತಿಗೆ ಯೋಗೀಶರ ಮುಖ ಕೆಂಪಾಗಿತ್ತು. ಟೀವಿಯಲ್ಲಿ ಮೀನು ತಮ್ಮ ಬಸ್ಸಿಗೇ ಅಂಟಿಕೊಂಡು ಬಂದದ್ದನ್ನು ಕಂಡು, ಅಜಿತ್ ಶೀನನೊಡನೆ ಸೇರಿ ಕದ್ದು ಮೀನು ಸಾಗಿಸುತ್ತಾನೆಂದು ತೀರ್ಮಾನಿಸಿ ಅವನನ್ನು ಕಚೇರಿಗೆ ಕರೆಸಿದ್ದರು. ಫೋನು ತನ್ನದಲ್ಲ, ಮೀನೂ ತನ್ನದಲ್ಲ ಎಂದು ಅಜಿತ್ ಆಣೆ ಹಾಕುತ್ತಿದ್ದ.

ಅಷ್ಟರಲ್ಲಿ ಖಾಲಿ ಪೆಟ್ಟಿಗೆ ಹಿಡಿದು ಶೀನನೇ ಒಳಗೆ ಬಂದ. ಮೋಕ್ಷಿತಾ ಕುರ್ಚಿಯಲ್ಲೇ ತಗ್ಗಿ ಕೂತಳು. ಅವನು ನೋಡಿದರೆ ನಗುತ್ತಿದ್ದ.

“ನನ್ ಹೆಸ್ರಂಗೆ ಬಸ್ಸ್ ಹತ್ತಿದ್ದ್ ಯಾರೋ ಗೊತ್ತಿಲ್ಲೆ. ಬಸ್ಸ್ ಹೋಯ್ತ್, ಹೆಂಗ್ಸ್ರೆಲ್ಲ ಪಾತ್ರಿ ಹಿಡ್ಕಂಡ್ ಅಲ್ಲೇ ನಿಂತಿದ್ರ್, ಎದ್ರಿಂದ ನಾನ್ ಬಂದೆ. ಒಂದ್ ಗಂಟಿ ಒಳ್ಗೆ ಪೆಟ್ಗಿ ಖಾಲಿ. ನಾಳೆಯೂ ಹೀಂಗೇ ಆಯ್ಲಿ, ಕಾಣಿ.”

ಶೈಲೇಶ್ ಹಿಗ್ಗಿಹೋದರು. ಆ ಫೋನಿನವರು ಯಾರೇ ಆಗಲಿ, ನಾಳೆಯಿಂದ ಅವರಿಗೆ ಅದೇ ಕೆಲಸ: ದಿನಕ್ಕೆ ನಾಲ್ಕು ಸಲ ಬಸ್ರೂರಿನಿಂದ ಬೈಂದೂರಿಗೆ ಹೋಗಿ ಬರಬೇಕು, ಪ್ರತಿ ಸ್ಟಾಪಿನಲ್ಲೂ ಕಿಟಕಿಯಿಂದ ತಲೆ ಹೊರಗೆ ಹಾಕಿ, ಶೀನ ಬರುತ್ತಿದ್ದಾನೆಂದು ಕೂಗಿ ಹೇಳಬೇಕು ಎಂದರು.

“ಹಂಗಾರೆ ಇವ್ನನ್ನೇ ಇಟ್ಕಣಿ,” ಅಂದರು ಯೋಗೀಶ್, ಅಜಿತನನ್ನು ತೋರಿಸಿ. “ಬಸ್ಸಿಗೆ ನಾನ್ ಬೇರೆಯವ್ರನ್ನ್ ಕಾಂತೆ.”

ಅಜಿತ್ ಹನ್ನೊಂದು ವರ್ಷ ಹೆಗಲಲ್ಲಿ ತೂಗಿದ್ದ ಚರ್ಮದ ಚೀಲವನ್ನು ತೆಗೆದು ಮೇಜಿನ ಮೇಲಿಟ್ಟ. ಅದಿಲ್ಲದೆ ಅವನ ಒಂದು ಹೆಗಲು ಮೇಲಾಗಿ, ಒಂದು ಕೆಳಗಾಗಿ ಕಾಣುತ್ತಿತ್ತು.

ಮೂಲೆಯ ಕಡೆ ಯಾರೂ ನೋಡುತ್ತಿರಲಿಲ್ಲ. ಸುಮ್ಮನಿದ್ದರೆ ಕುರ್ಚಿ ಉಳಿಯುತ್ತಿತ್ತು. ಮೋಕ್ಷಿತಾ ಎದ್ದಳು. ನಾಲ್ವರೂ ತಿರುಗಿದರು.

“ಚೀಲ ತಕಣಿ, ಅಜಿತಣ್ಣ,” ಅಂದಳು. “ಆ ಫೋನ್ ನಂದ್.”