ಕಾರಿಗೆ ಬಲ ಯಾವ ಕಡೆ?

"ಅಲ್ಲಾ, ಕಾರಿಗೆ ಬಲಗಡಿ ಅಂದ್ರ ಯಾವ ಕಡಿ?"

ಕಲ್ಲೇಶ ಯಾರನ್ನೂ ಕೇಳಿದ್ದಲ್ಲ. ಅಂಗಳದಲ್ಲಿ ಅಪ್ಪನ ಕಾಲದ ಅಂಬಾಸಿಡರ್ ನಿಂತಿತ್ತು. ಅವನ ಕೈಯಲ್ಲಿ ಬಾಗಿಲ ಒಳಮೈಗೆ ಬಡಿಯುವ, ಕೆಂಪು ರೆಗ್ಜಿನ್ ಹೊದಿಸಿದ ಹೊಸ ಡೋರ್ ಪ್ಯಾಡ್ ಇತ್ತು. ಹಿಡಿಕೆ ಇದ್ದ ಕಡೆ ಪ್ಯಾಡಿಗೆ ತೂತಿಲ್ಲ, ತೂತಿದ್ದ ಕಡೆ ಬಾಗಿಲಿಗೆ ಹಿಡಿಕೆಯಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯೇ ರೆಗ್ಜಿನ್ ಹೊದ್ದು ಬಂದಂತಿತ್ತು.

ಇದು ಕಡಲ ದಂಡೆಯ ಮಂಗಳೂರಲ್ಲ, ಯಲಬುರ್ಗಾ ಸೀಮೆಯ ಮಂಗಳೂರು. ಒಂದು ತಿಂಗಳು ನಡೆದ ಪುರಾಣಕ್ಕೆ ಅಂದು ಸಂಜೆ ಮಂಗಲ. ಮಠದ ಸ್ವಾಮಿಗಳಾದ ಅಜ್ಜಾರು ತಾವಾಗಿಯೇ ಹೇಳಿ ಕಳಿಸಿದ್ದರು: "ಊರ ಅಗಸಿ ಬಾಗಲದಿಂದ ಗುಡಿತನಕ ಕಲ್ಲೇಶನ ಹಳೇ ಕಾರಿನ್ಯಾಗ ಬರ್ತೀವಿ." ಎಸಿ ಇರುವ ಹೊಸ ಕಾರುಗಳು ಊರಲ್ಲಿ ನಾಲ್ಕಿರುವಾಗ ಈ ಕೆಮ್ಮುವ ಕಾರೇ ಯಾಕೆ ಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕಲ್ಲೇಶನಿಗೆ ಮಾತ್ರ ಹೊಳೆದಿತ್ತು: ತನ್ನ ಭಕ್ತಿ! ಅಜ್ಜಾರು ತನ್ನ ಕಾರಿನಿಂದ ಇಳಿದದ್ದನ್ನು ಜನ ಕಣ್ಣಾರೆ ಕಂಡರೆ ಬರುವ ವರ್ಷ ಪುರಾಣ ಸಮಿತಿಯ ಅಧ್ಯಕ್ಷಗಿರಿ ತನ್ನ ಮಡಿಲಿಗೇ ಬೀಳುತ್ತದೆ. ಹತ್ತು ವರ್ಷದಿಂದ ಆ ಕುರ್ಚಿಯ ಮೇಲೆ ಎದುರುಮನೆಯ ದೊಡ್ಡಬಸಪ್ಪ ಮಾಸ್ತರು, ಡ್ರಿಲ್ ಕಲಿಸಿ ನಿವೃತ್ತರಾದವರು, ಕಟ್ಟೆಯ ಮೇಲಿನ ಕಲ್ಲುಬಸವನಂತೆ ಕೂತಿದ್ದರು.

ಆದರೆ ಅಜ್ಜಾರು ಕೂರುವ ಹಿಂದಿನ ಬಾಗಿಲಿನ ಪ್ಯಾಡನ್ನು ಇಲಿಗಳು ತಿಂದು ತೇಗಿದ್ದವು. ಕಲ್ಲೇಶ ಗಂಗಾವತಿಯಲ್ಲಿ ಕಾರಿನ ಸೀಟು ಹೊಲಿಯುವ ನೂರಸಾಬನಿಗೆ ಫೋನು ಮಾಡಿ, "ಹಿಂದಿನ ಬಲಬಾಗಲದ್ದು ಒಂದ ಪ್ಯಾಡ್ ಸಾಕು" ಎಂದಿದ್ದ. ಒಂದೇ, ಯಾಕೆಂದರೆ ಫೋಟೊದಲ್ಲಿ ಕಾಣುವುದು ಒಂದೇ.

ಮಧ್ಯಾಹ್ನ ಪ್ಯಾಡ್ ಹೊತ್ತು ಬಂದ ನೂರಸಾಬ ಈಗ ಬಾಗಿಲನ್ನೊಮ್ಮೆ, ಕಲ್ಲೇಶನನ್ನೊಮ್ಮೆ ನೋಡಿದ.

"ಇದು ಎಡಬಾಗಲಾ ಅಲ್ರೀ? ನೀವು ಬಲ ಅಂದ್ರಿ, ನಾ ಬಲದ್ದು ಮಾಡೀನಿ. ಡ್ರೈವರ್ ಕುಂದರೋ ಕಡಿ ಬಲ."

"ಅಮಾಸಿಗೊಮ್ಮೆ ಕಾರಿನ ಮುಂದ ನಿಂತು ಆರತಿ ಬೆಳಗತೀನೋ ಇಲ್ಲೋ? ಆವಾಗ ನನ್ನ ಬಲಗೈ ಈ ಕಡಿಗೇ ಇರತೈತಿ!"

"ಆರತಿ ಬೆಳಗೋರು ಕಾರ್ ಹೊಡಿಯಂಗಿಲ್ಲಲ್ರೀ ಸಾವ್ಕಾರ್ರ!"

ಗದ್ದಲ ಕೇಳಿ ದೊಡ್ಡಬಸಪ್ಪ ಮಾಸ್ತರು ಬಂದರು. "ಬಲ-ಎಡ ಅನ್ನೋದನ್ನ ಮೂವತ್ತು ವರ್ಷ ಕಲಿಸೀನಿ. ಇಬ್ರೂ ನಿಂದರ್ರಿ. ಸಾವಧಾನ್!" ಎಂದು ಗರ್ಜಿಸಿದರು. ಕಲ್ಲೇಶ ಕಾರಿಗೆ ಮುಖ ಮಾಡಿ ನಿಂತ, ನೂರಸಾಬ ಬೆನ್ನು ಮಾಡಿ ನಿಂತ. "ಬಲಕ್ಕ ತಿರುಗ್!" ಒಬ್ಬ ಮನೆಯ ಕಡೆ ತಿರುಗಿದ, ಇನ್ನೊಬ್ಬ ಬೀದಿಯ ಕಡೆ ತಿರುಗಿದ. ಮಾಸ್ತರು ಇಬ್ಬರನ್ನೂ ನೋಡಿ, ತಮ್ಮ ಕೈಯನ್ನೂ ನೋಡಿಕೊಂಡು, "ವಿಶ್ರಾಮ್" ಎಂದರು.

ಗೋಡೆಯಾಚೆ ಆಡು ಕಟ್ಟುತ್ತಿದ್ದ ನೆರೆಮನೆಯ ಹುಲಗಮ್ಮ ಸೆರಗು ಬಾಯಿಗಿಟ್ಟು ನಕ್ಕಳು. "ಎತ್ತಿನ ಹಿಂದ ನಿಂತ್ರ ಎತ್ತಿನ ಬಲಾನ ನಮ್ಮ ಬಲ. ಎತ್ತಿನ ಮುಂದ ನಿಂದರಾವ ಕೊಂಬಿಲೆ ಹಾಯಿಸ್ಕೊಳ್ಳಾಕಷ್ಟ ನಿಂದರತಾನ. ಅಲ್ರೀ ಸಾವ್ಕಾರ್ರ, ಆ ಕಡಿ ಬಾಗಲದ ಪ್ಯಾಡು ಗಟ್ಟಿಮುಟ್ಟ ಐತೆಲ್ಲ, ಅಜ್ಜಾರನ್ನ ಅಲ್ಲೇ ಕುಂದರಸ್ರಿ. ಮುಗೀತು!"

ಮಾತು ಸರಿಯಾಗಿತ್ತು. ಹೇಳಿದವಳು ಆಡು ಕಾಯುವ ಹುಲಗಮ್ಮ ಎಂಬುದೊಂದೇ ಅದರ ದೋಷ.

"ಥೂ! ಅದರ ಮ್ಯಾಲ ಸುಣ್ಣದ ಕಲಿ ನೋಡೀಯೇನು?" ಎಂದ ಕಲ್ಲೇಶ. ಹಳೆಯ ಪ್ಯಾಡಿನ ಮೇಲೆ ಮೂರು ಬಿಳಿ ಗೆರೆಗಳಿದ್ದವು. "ನಮ್ಮಪ್ಪನ ಎಲಿ-ಅಡಿಕಿ ಚಟ. ಸುಣ್ಣದ ಬೆರಳು ಬಾಗಲಕ್ಕ ಒರಿಸ್ಯಾನ. ತೊಳೀತೀನಿ ಅಂದ್ರ ಸಾಯೋತನಕ ಕೈ ಹಚ್ಚಗೊಡಲಿಲ್ಲ ಮುದುಕ. ಇಂಥಾ ಹೊಲಸಿಗೆ ಅಜ್ಜಾರ ಕಾವಿ ತಾಗಬೇಕೇನು? ನೂರಸಾಬ, ಕೀಳೋ ಅದನ್ನ! ಹೊಸಾದು ಅಲ್ಲೇ ಬಡಿ."

ಹಳೆಯದು ಕಿತ್ತು ಬಂತು.

"ಹಂಗಾರ ನನಗ ಕೊಡ್ರಿ, ಮರಿ ಗೂಡಿಗೆ ಬಾಗಲಿಲ್ಲ" ಎಂದಳು ಹುಲಗಮ್ಮ.

"ಒಯ್ಯಿ ಹುಲಗವ್ವ, ಒಯ್ಯಿ. ಕೊಟ್ಟ ಮ್ಯಾಲ ತಿರಗಿ ಕೇಳೋ ಮನಿತನ ನಮ್ದಲ್ಲ" ಎಂದು ಕಲ್ಲೇಶ ಮಾಸ್ತರಿಗೆ ಕೇಳುವಷ್ಟು ಜೋರಾಗಿ ಹೇಳಿದ.

ಹೊಸ ಪ್ಯಾಡ್ ಕೂಡಿಸುವಾಗ ಮಾಸ್ತರು ಸಹಾಯಕ್ಕೆಂದು ಗಾಜಿನ ಹಿಡಿಕೆ ತಿರುವಿದರು. ಗಾಜು ಧಡಕ್ಕನೆ ಬಾಗಿಲ ಹೊಟ್ಟೆಯೊಳಗೆ ಬಿತ್ತು, ಮೇಲೇಳಲಿಲ್ಲ. ಹಳೆಯ ಕ್ಲಿಪ್ಪುಗಳು ಮುರಿದವು. ನೂರಸಾಬ ಧಾರಾಳವಾಗಿ ಅಂಟು ಸುರಿದ. "ಕಲ್ಲೇಶ, ಬೆನ್ನು ಕೊಟ್ಟು ಒತ್ತು! ನಾ ಹೇಳೋತನಕ ಬಿಡಬ್ಯಾಡ" ಎಂದು ಮಾಸ್ತರು ಆಜ್ಞೆ ಮಾಡಿ ಚಹಾ ಕುಡಿಯಲು ಹೋದರು. ಅವರು ಮರಳುವಷ್ಟರಲ್ಲಿ ಅಂಚಿನಿಂದ ಉಕ್ಕಿದ ಅಂಟು ಕಲ್ಲೇಶನ ಹೊಸ ಅಂಗಿಯನ್ನು ಜನ್ಮಾಂತರದ ಬಂಧುವಿನಂತೆ ಅಪ್ಪಿಕೊಂಡಿತ್ತು.

ಹೆಂಡತಿ ಶಾಂಭವಿ ಕತ್ತರಿ ತಂದಳು. "ಯಾವುದು ಕತ್ತರಸ್ಲಿ?"

"ಅಂಗಿ! ಪ್ಯಾಡ್ ಮುಟ್ಟಬ್ಯಾಡ!"

ಬೆನ್ನಿನ ಕಿಂಡಿ ಕಾಣದಂತೆ ಶಾಲು ಹೊದ್ದ ಕಲ್ಲೇಶ ಈಗ ಮೊದಲಿಗಿಂತ ದೊಡ್ಡ ಭಕ್ತನಾಗಿ ಕಂಡ. ಇಲಿ ತಿಂದ ಬಾಗಿಲಿಗೆ ಟವೆಲ್ ಇಳಿಬಿಟ್ಟು ನಾಲ್ಕು ಗಂಟೆಗೆ ಅಗಸಿಗೆ ಕಾರು ತಂದ. ಡೊಳ್ಳು ಬಡಿಯುತ್ತಿತ್ತು, ಮೊಬೈಲುಗಳು ಮೇಲೆದ್ದಿದ್ದವು. ಅವನು ಬಲಬಾಗಿಲು ತೆರೆದು ಬಗ್ಗಿ ನಿಂತ.

ಅಜ್ಜಾರು ಕೂರಲಿಲ್ಲ. ಕೆಂಪು ರೆಗ್ಜಿನ್ ಮೇಲೆ ಕೈಯಾಡಿಸಿ ಏನನ್ನೋ ಹುಡುಕಿದರು.

"ಹಳೇ ಪ್ಯಾಡ್ ಎಲ್ಲೈತಪಾ?"

"ಕಿತ್ತು ಒಗದೀನ್ರಿ ಬುದ್ಧಿ! ನಿಮ್ಮ ಸಲುವಾಗಿನ ಹೊಸಾದು ಹಾಕಿಸೀನಿ."

"ಅಯ್ಯ ತಮ್ಮಾ, ನಾವು ಈ ಕಾರ್ ಬೇಡಿದ್ದ ಅದರ ಸಲುವಾಗಿ. ಸಣ್ಣವ್ರಿದ್ದಾಗ ನಮ್ಮ ಗುರುಗಳು ದೊಡ್ಡಜ್ಜಾರ ಜೋಡಿ ಇದರಾಗ ಬಂದಿದ್ವಿ. ಅವರು ಸುಣ್ಣದ ಮೂರು ಬೆರಳು ಆ ಬಾಗಲಕ್ಕ ಒರಿಸಿದ್ರು. ಅವರ ಕೈಗುರುತು ಅಂತ ಉಳದಿದ್ದು ಅದೊಂದ. ನಿಮ್ಮಪ್ಪ ಅದನ್ನ ಕಣ್ಣಿನಂಗ ಕಾಯ್ದಿದ್ದ."

"ವಿಭೂತಿ! ದೊಡ್ಡಜ್ಜಾರ ವಿಭೂತಿ!" ಎಂದು ಯಾರೋ ಕೂಗಿದರು.

"ವಿಭೂತಿ ಅಲ್ಲೋ, ಎಲಿಗೆ ಹಚ್ಚೋ ಸುಣ್ಣ ಅದು" ಎಂದರು ಅಜ್ಜಾರು ನಗುತ್ತ. ಅಷ್ಟರಲ್ಲಿ ಜೈಕಾರ ಅವರ ಮಾತನ್ನು ನುಂಗಿತ್ತು. ನಿಜ ಕೇಳಲು ಜನಕ್ಕೆ ಪುರುಸೊತ್ತಿರಲಿಲ್ಲ.

"ಅದು ಹುಲಗವ್ವನ ಆಡಿನ ಗೂಡಿಗೈತ್ರಿ ಬುದ್ಧಿ!" ದೊಡ್ಡಬಸಪ್ಪ ಮಾಸ್ತರು ಹಬ್ಬದ ಹೋಳಿಗೆ ಮೆದ್ದವರಂತೆ ಸಾರಿದರು. "ನಾನ ದಾರಿ ತೋರಿಸ್ತೀನಿ ಬರ್ರಿ."

ಅಜ್ಜಾರು ನಡೆದೇ ಹೊರಟರು. ಡೊಳ್ಳು ಹಿಂದೆ, ಊರು ಅದರ ಹಿಂದೆ. ಕಲ್ಲೇಶ ಸಂದಿಯೊಳಗಿಂದ ಅಡ್ಡದಾರಿ ಹಿಡಿದು ಓಡಿದ. ಶಾಲು ಎಲ್ಲಿ ಬಿತ್ತೋ, ಬರಿಬೆನ್ನಿಗೆ ಗಾಳಿ ಬೀಸುತ್ತಿತ್ತು.

ಅವನಿಗಿಂತ ಮೊದಲೇ ಸುದ್ದಿ ಓಡಿ ಬಂದಿತ್ತು. ಗೂಡಿನ ಮುಂದೆ ಸಾರಿಸಿ ರಂಗೋಲಿ ಬಿದ್ದಿತ್ತು. ಮೂರು ಬಿಳಿ ಗೆರೆಗಳ ನಡುವೆ ಕುಂಕುಮವೇರಿತ್ತು, ದೀಪ ಉರಿಯುತ್ತಿತ್ತು. ಪ್ಯಾಡಿನ ಮೇಲಿಂದ ಎರಡು ಆಡಿನ ಮರಿಗಳು ಸಮಿತಿಯ ಸದಸ್ಯರಂತೆ ಇಣುಕುತ್ತಿದ್ದವು.

"ಹುಲಗವ್ವ, ನಿನ್ನ ಕಾಲಿಗೆ ಬೀಳ್ತೀನಿ, ಲಗೂ ಅದನ್ನ ಕೊಡವಾ! ಅಜ್ಜಾರು ಬರಾಕತ್ಯಾರ. ಬದಲಿಗೆ ಹೊಸಾದು ಒಯ್ಯಿ. ಬೇಕಾದ್ರ ನಾಕೂ ಬಾಗಲ ಕಿತ್ತು ಕೊಡ್ತೀನಿ!"

ಹುಲಗಮ್ಮ ಊದಿನಕಡ್ಡಿ ಸಿಕ್ಕಿಸಿ, ಸೆರಗು ಸರಿಪಡಿಸಿಕೊಂಡಳು. ಡೊಳ್ಳು ಓಣಿಯ ತಿರುವಿಗೆ ಬಂದಿತ್ತು.

"ಕೊಟ್ಟ ಮ್ಯಾಲ ತಿರಗಿ ಕೇಳೋ ಮನಿತನ ನಿಮ್ದಲ್ಲಲ್ರೀ ಸಾವ್ಕಾರ್ರ," ಎಂದಳು. "ಕೊಡಂಗಿಲ್ಲ."